ನೀರಿಳಿಸೋ ಪಾಠ

...ಅಲ್ಲ ರೀ, ಆ ಕಡೆಗಲ್ಲ, ಬಲಗಡೆಗೆ. ಪೂರ್ತಿ ತಿರುಗಿಸಿ. ಹಾಂ, ಈಗ ಮೇನ್ ವಾಲ್ವ್ ಬಂದ್ ಆಯ್ತು. ಇನ್ನು ಅಡುಗೆಮನೆ ನಲ್ಲಿ ಬಿಡಿ, ಬಚ್ಚಲುಮನೇದೂ ಬಿಡಿ, ಪೈಪಲ್ಲಿ ಉಳಿದಿರೋದೆಲ್ಲ ಇಳಿದುಹೋಗ್ಲಿ. ಫೋನಲ್ಲಿ ಮೈನಸ್ ನಾಲ್ಕು ಅಂತ ತೋರಿಸ್ತೋ, ಮಲಗೋ ಮುಂಚೆ ಇಷ್ಟು ಮಾಡ್ಲೇಬೇಕು. ಯಾಕ್ ನಗ್ತೀರಾ? ಎಂಜಿನ್ ಡಿಸೈನ್ ಮಾಡೋರಿಗೆ ನಲ್ಲಿ ಪಾಠ ಅಂತಾನಾ? ನಗಿ ನಗಿ. ಹೋದ ವರ್ಷ ಯಾರಿಗೂ ನಗು ಬಂದಿರ್ಲಿಲ್ಲ.

ಜಪಾನಿಗೆ ಬಂದ ಹೊಸದರಲ್ಲಿ ಹಮಾಮತ್ಸುನಲ್ಲಿದ್ದಾಗ ಇದ್ಯಾವುದೂ ಬೇಕಿರ್ಲಿಲ್ಲ. ಪ್ರಮೋಷನ್ ಅಂತ ಈ ಮತ್ಸುಮೊತೊಗೆ ಕರ್ಕೊಂಡ್ ಬಂದ್ರಿ, ಬೆಟ್ಟದ ಊರು. ಮನೆ ಓನರ್ ಕೊಬಾಯಾಶಿ-ಸಾನ್ ಮೊದಲನೇ ದಿನಾನೇ ನಿಮಗೆ ಹೇಳಿದ್ರಂತೆ, ಚಳೀಲಿ ನೀರಿಳಿಸಿ ಮಲಗಿ ಅಂತ. ನೀವು ಅವರ ಭಾಷೇಲೇ ಹಾಯ್ ಹಾಯ್, ಹೌದು ಹೌದು ಅಂತ ತಲೆ ಆಡಿಸಿದ್ರಿ. ನನಗೆ ಹೇಳೋದು ಮರೆತ್ರಿ. ನಾನೇನ್ಮಾಡ್ದೆ? ಬೆಳಗ್ಗೆ ಪೈಪಲ್ಲಿ ನೀರು ಹೆಪ್ಪುಗಟ್ಟಿತ್ತು. ಮೈಸೂರಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾದ್ರೆ ಡಬ್ಬೀನ ಬಿಸಿನೀರಲ್ಲಿ ಇಡಲ್ವಾ, ಅದೇ ಲೆಕ್ಕ ಹಾಕಿ ಪೈಪ್ ಮೇಲೆ ಕುದಿಯೋ ನೀರು ಹುಯ್ದೆ. ಫಟ್ ಅಂತ ಒಡೀತು. ಚಾಪೆಯೆಲ್ಲ ನೆನೆದುಹೋಯ್ತು.

ನಿಮಗೆ ಫೋನ್ ಮೇಲೆ ಫೋನ್. ಮೀಟಿಂಗಲ್ಲಿದ್ರಿ. ಪಕ್ಕದ್ಮನೆ ಬಾಗ್ಲಲ್ಲಿ ನಿಂತು ಸುಮಿಮಾಸೆನ್, ಸುಮಿಮಾಸೆನ್ ಅಂತಿದೀನಿ, ಕ್ಷಮಿಸಿ ಅನ್ನೋದು ಬಿಟ್ರೆ ಮುಂದಿನ ಮಾತೇ ಬರ್ತಿಲ್ಲ. ಕೃತಿ, ಆರು ವರ್ಷದ್ದು ಆಗ, ಒದ್ದೆ ಕಾಲುಚೀಲದಲ್ಲಿ ನಿಂತ್ಕೊಂಡು ಅಮ್ಮನ ಪರವಾಗಿ ಜಪಾನೀಸಲ್ಲಿ ಮಾತಾಡ್ತು. ರಾತ್ರಿ ಬಂದು ನೀವು ಕೇಳಿದ್ದು ಒಂದೇ, "ಲ್ಯಾಪ್‌ಟಾಪಿಗೆ ನೀರು ಬಿತ್ತಾ?"

ಬಿಡಿ, ಜಗಳಕ್ಕೆ ಹೇಳ್ತಿಲ್ಲ. ಮಧ್ಯಾಹ್ನ ನಾವು ಬಸ್ ಹತ್ತೋಕೆ ಮುಂಚೆ ನಿಮಗೆ ಇದೆಲ್ಲ ಬರ್ಬೇಕು, ಅಷ್ಟೇ. ಮೈಸೂರಲ್ಲಿ ನಮ್ಮಮ್ಮನ ಮಂಡಿ ಆಪರೇಷನ್, ಮೂರೇ ವಾರ. ಅಷ್ಟರಲ್ಲಿ ಇಲ್ಲಿ ಚಳಿ ಹಿಡ್ಕೊಳ್ಳುತ್ತೆ.

ಒಳಗೆ ಬನ್ನಿ. ಕಿಟಕಿಗೆಲ್ಲ ಗುಳ್ಳೆ ಪ್ಲಾಸ್ಟಿಕ್ ಹಾಕಿದೀನಿ, ಬಿಸಿ ಹೊರಗೆ ಹೋಗಲ್ಲ. ಗಾಜಿಗೆ ನೀರು ಚಿಮುಕಿಸಿ ಒತ್ತಿದ್ರೆ ಸಾಕು, ಕೂತ್ಕೊಳ್ಳುತ್ತೆ. ಗುಳ್ಳೆ ಒಡೀಬೇಡಿ ರೀ, ಕೃತಿ ಆಗ್ಲೇ ಒಂದು ಸಾಲು ಮುಗಿಸಿದಾಳೆ. ಸೀಮೆಎಣ್ಣೆ ಹೀಟರ್ ಹಚ್ಚಿದಾಗ ಮಾತ್ರ ಆಗಾಗ ಕಿಟಕಿ ತೆಗೀರಿ, ಉಸಿರು ಕಟ್ಟೀತು.

ಮಹಡಿ ರೂಮಾ? ಅದಕ್ಕೆ ಹಾಕಿಲ್ಲ. ಬಾಗಿಲ ಸಂದೀಗೆ ಟೇಪ್ ಹೊಡೆದಿದೀನಿ, ಅಲ್ಲಿನ ಚಳಿ ಕೆಳಗೆ ಬರದೇ ಇರ್ಲಿ ಅಂತ. ಕೃತಿ ಇಲ್ದೇ ಅವಳ ರೂಮು ಬೆಚ್ಚಗಿಟ್ಟು ಏನ್ಮಾಡ್ಬೇಕು? ಸುಮ್ನೆ ಕರೆಂಟ್ ದಂಡ. ಬಂದ್ಮೇಲೆ ಕಿತ್ತರಾಯ್ತು.

ಅದಾ... ಅದು ಹೊಸ ಕೊತಾತ್ಸು. ಅದೇ ಮೇಜು ರೀ, ಕೆಳಗೆ ಹೀಟರ್, ಸುತ್ತ ರಜಾಯಿ. ಸ್ವಲ್ಪ ಚಿಕ್ಕದು. ಹಳೇದನ್ನ ಸೆಕೆಂಡ್‌ಹ್ಯಾಂಡ್ ಅಂಗಡಿಯೋರು ನಿನ್ನೆ ತಗೊಂಡ್ಹೋದ್ರು. ನಾಲ್ಕು ಜನ ಕೂರೋದು, ಬರೀ ಕರೆಂಟ್ ತಿಂತಿತ್ತು. ಕೂತ್ ನೋಡಿ. ಕಾಲು ಚಾಚಿ. ಬೆಚ್ಚಗಿದ್ಯಾ? ಸರಿಹೋಯ್ತಲ್ಲ?

ನಾನಾ? ನಾನು ಈ ಕಡೆ... ತಡೀರಿ, ನಿಮ್ಮ ಮಂಡಿ ತಗಲ್ತಿದೆ. ಸ್ವಲ್ಪ ಸರೀರಿ. ಇಲ್ಲ... ಹೀಗೆ ಕಾಲು ಮಡಚಿದ್ರೆ... ಇಲ್ಲ, ರಜಾಯಿ ಸಾಲ್ತಿಲ್ಲ. ನನಗೇನ್ ಬಿಡಿ, ನಾನು ಯಾವಾಗ್ಲೂ ಅಡುಗೆಮನೇಲೇ ಇರ್ತೀನಿ.

ಯಾಕ್ರೀ ಹಾಗೆ ನೋಡ್ತೀರಾ?

ಏನಾದ್ರೂ ಮಾತಾಡಿ. ಕೃತಿ ಎಲ್ಲಿ ಕೂರ್ತಾಳೆ ಅಂತ ಕೇಳಿ. ಕೇಳಿದ್ರೆ ಏನೋ ಒಂದು ಹೇಳ್ತೀನಿ, ಬಂದ್ಮೇಲೆ ದೊಡ್ಡದು ತರೋಣ ಅಂತೀನಿ. ಬೆಳಗ್ಗೆಯಿಂದ ಎಲ್ಲದಕ್ಕೂ ಉತ್ತರ ಹೊಂದಿಸಿ ಇಟ್ಕೊಂಡಿದೀನಿ ರೀ, ನೀವು ಕೇಳಿದ್ರೆ ತಾನೇ. ಆಫೀಸ್ ಫೋನ್ ಬಂದ್ರೆ ಎಷ್ಟು ಮಾತಾಡ್ತೀರಾ...

ಅಮ್ಮನ ಮಂಡಿ ಚೆನ್ನಾಗೇ ಇದೆ.

ವಾಪಸ್ ಬರಲ್ಲ ಅಂತ ಕೃತಿಗೆ ಇನ್ನೂ ಹೇಳಿಲ್ಲ. ಗೊಂಬೆಗಳನ್ನೆಲ್ಲ ಮಹಡೀಲೇ ಬಿಟ್ಟಿದಾಳೆ, ಬೇಗ ಬರ್ತೀನಿ ಅಂತ ಅವಕ್ಕೆ ಹೇಳಿ ಬಂದಿದಾಳೆ. ಅವಳ ಮುಂದೆ ಏನೂ ಕೇಳ್ಬೇಡಿ. ನನಗೆ ನಿಮ್ಮ ಮೇಲೆ ಈಗ ಕೋಪಾನೂ ಇಲ್ಲ ರೀ. ಈ ಮನೇಲಿ ಇನ್ನೊಂದು ಚಳಿಗಾಲ ನಿಮಗೋಸ್ಕರ ಕಾದು ಕೂರೋಕೆ ನನ್ನ ಕೈಲಾಗಲ್ಲ, ಅಷ್ಟೇ.

ಏಳಿ. ಇನ್ನೊಂದ್ಸಲ ಆ ನಲ್ಲಿ ತಿರುಗಿಸಿ ತೋರಿಸಿ, ನಾನಿನ್ನೂ ಇಲ್ಲಿರೋವಾಗ್ಲೇ.