ಗುರುಸಿದ್ದವ್ವನ ಬಾಗಿಲಿಗೆ ಹಿಡಿದ ಬಂದೂಕು

ಹಣೆಯ ಮೇಲಿನ ವಿಭೂತಿಯಾಣೆ, ಇದರಲ್ಲಿ ಒಂದು ಮಾತೂ ನಾನು ಕಟ್ಟಿದ್ದಲ್ಲ. ನನ್ನ ಕಾಕಾನ ಮಗ ಮಲ್ಲಿನಾಥ, ಮೂರ್ತಿ ಮಾಡುವವ, ಹೋದ ವರ್ಷ ಒಂದು ರಾತ್ರಿ ಗಡಹಿಂಗ್ಲಜದಿಂದ ಬಂದ ಕಡೇ ಎಸ್ಟಿ ಬಸ್ಸು ಇಳಿದು ಊರೊಳಗೆ ನಡೆದಿದ್ದ. ದಾರಿಯಲ್ಲಿ ಆಲದ ಮರ, ಹಳೇ ಬಾವಿ. ಅಲ್ಲಿಂದ ಹತ್ತು ಹೆಜ್ಜೆಗೆ ಅವನೇ ಮಾಡಿದ ಸಿದ್ಧಲಿಂಗನ ಸಿಮೆಂಟಿನ ಮೂರ್ತಿ. ಮರುದಿನ ಅದರ ಉದ್ಘಾಟನೆ.

ಸಿದ್ಧಲಿಂಗ ನಮ್ಮೂರ ಗುರುಸಿದ್ದವ್ವನ ಮಗ. ಶಾಂತಿಸೇನೆಯಲ್ಲಿ ಆಫ್ರಿಕಾಕ್ಕೆ ಹೋದವ, ನೀರಿಗೆ ಪಾಳಿ ನಿಂತ ಮಂದಿಯನ್ನು ಕಾಯುವಾಗ ಗುಂಡು ತಾಗಿ ಸತ್ತ. ಮೂರ್ತಿಗೆ ಅವ್ವ ಕೇಳಿದ್ದು ಇಷ್ಟೇ: ತಲೆಗೆ ಶಾಂತಿಸೇನೆಯ ನೀಲಿ ಟೋಪಿ, ಬಂದೂಕಿನ ಬಾಯಿ ನೆಲಕ್ಕೆ.

"ನನ್ನ ಮಗಾ ಹೊಡಿಯಾಕ ಹೋಗಿರಲಿಲ್ಲೋ ತಮ್ಮಾ, ಬಡದಾಡೋರನ್ನ ಬಿಡಸಾಕ ಹೋಗಿದ್ದ."

ಮೂರ್ತಿ ಕಮಿಟಿಯ ಅಧ್ಯಕ್ಷ ಅಣ್ಣಾಸಾಹೇಬ ನಕ್ಕ. "ಟೋಪಿ ನೀಲಿನ ಇರಲಿ ಬೇ ಮುದುಕಿ. ನೆಲಾ ನೋಡೋ ಬಂದೂಕಂದ್ರ ಸೋತ ಸೈನ್ಯ! ಎತ್ತಿ ಗುರಿ ಹಿಡಸೋ ಮಲ್ಲ್ಯಾ. ದೇವರಂಗ ಮಾರಿ ಪೂರ್ವಕ್ಕಿರಲಿ."

ಮಲ್ಲಿನಾಥ ಅವ ಹೇಳಿದ ಹಾಗೇ ಹಿಡಿಸಿದ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಆ ರಾತ್ರಿ ಬಾವಿಯ ಹತ್ತಿರ ಸಪ್ಪಳ... ಕರ್... ಕರ್... ಸಿಮೆಂಟಿಗೆ ಉಗುರು ಕೆರೆದ ಹಾಗೆ. ಮಲ್ಲಿನಾಥ ನಿಂತ. ಸಪ್ಪಳವೂ ನಿಂತಿತು. ಬಾವಿಯೊಳಗೆ ಒಂದು ಹನಿ... ಟಪ್.

ಕಿವಿಯ ಹಿಂದೆ ಉಸಿರು.

"ಮಲ್ಲಣ್ಣಾ..."

"ಯಾ... ಯಾರದು?"

"ಎದುರಿಗೆ ಯಾರ ಮನಿ ಐತಿ ನೋಡು."

ನೋಡಿದ. ಬಂದೂಕಿನ ನೇರಕ್ಕೆ, ಪೂರ್ವಕ್ಕೆ, ಒಂದೇ ಬಾಗಿಲು. ಹೊಸ್ತಿಲಲ್ಲಿ ಹಣತೆ. ಗುರುಸಿದ್ದವ್ವನ ಮನೆ.

"ನಮ್ಮವ್ವನ ಮ್ಯಾಲ... ನನ್ನ ಕೈಲೇ ಹಿಡಸಿದೆಲ್ಲೋ ಅಣ್ಣಾ..."

ಹಲ್ಲು ಕಚ್ಚಿ ಆಡಿದ ಮಾತು. ಮಲ್ಲಿನಾಥ ಚಪ್ಪಲಿ ಅಲ್ಲೇ ಬಿಟ್ಟು ಓಡಿದ.

ಬೆಳಿಗ್ಗೆ ಅಣ್ಣಾಸಾಹೇಬ ಹಾರ ಹಿಡಿದು ಬಂದ. ಮೂರ್ತಿಯ ಕೈಯಲ್ಲಿ ಬಂದೂಕಿಲ್ಲ. ಬಾವಿಗೆ ಪಾತಾಳಗರಡಿ ಬಿಟ್ಟು ಹುಡುಕಿದರು, ಸಿಗಲಿಲ್ಲ.

"ಯಾವನೋ ಕದ್ದಾನ!" ಎಂದ ಅಣ್ಣಾಸಾಹೇಬ.

"ಕದ್ದಾಂವ ಸಿಮೆಂಟಿನ ಮುಷ್ಟಿ ಹೆಂಗ ಬಿಚ್ಚಿದನ್ರೀ ಸಾಹೇಬ್ರ?" ಎಂದೆ ನಾನು. ಎಲ್ಲರೆದುರೇ ಎಂದೆ.

ಹೊಸ ಬಂದೂಕು ಮಾಡು ಅಂತ ಅಣ್ಣಾಸಾಹೇಬ ಎರಡು ಸಲ ಹೇಳಿ ಕಳಿಸಿದ್ದಾನೆ. ಮಲ್ಲಿನಾಥ ಸಿಮೆಂಟು ಬಳಿಯುವ ಕರಣಿ ಮುಟ್ಟುವುದಿಲ್ಲ. ನಾನೂ ಮುಟ್ಟಗೊಡುವುದಿಲ್ಲ.

ನಂಬದಿದ್ದರೆ ಬಿಡಿ. ಬಿಗಿದು ಮಾಡಿದ ಮೂರ್ತಿಯ ಬೆರಳು ಬಿಚ್ಚಿ, ಎರಡೂ ಕೈ ಬೊಗಸೆಯಾಗಿದ್ದವು. ಒಂದು ಸೀಳಿಲ್ಲ. ಮಳೆ ಇಲ್ಲದ ಮಾರ್ಚ್ ತಿಂಗಳು. ಕೈ ಹಾಕಿ ನೋಡಿದವ ನಾನೇ...

ಬೊಗಸೆ ತುಂಬ ನೀರಿತ್ತು.