ಕ್ಲಚ್ ಇಲ್ಲದ ಗಾಡಿ

ನಗಬ್ಯಾಡ್ರಿ ಯೂಸುಫಸಾಬ್ರ! ನಾ ಚೇಷ್ಟಿ ಮಾಡಾಕತ್ತಿಲ್ಲ. ರಿಪೇರಿಗೆ ಹದಿನೈದು ಸಾವಿರ ಬೇಕು ಅಂತ ಒಂದ ಚೀಟಿ ಬರದು ಕೊಡ್ರಿ, ಅಷ್ಟ. ರೊಕ್ಕಾನೂ ಬ್ಯಾಡ, ರಿಪೇರೀನೂ ಬ್ಯಾಡ. ಬರೇ ಚೀಟಿ... ಹೌದ್ರಿ, ಸುಳ್ಳ ಚೀಟಿ! ಹಂಗ್ಯಾಕ ಕಣ್ಣ ತಗೀತೀರಿ? ಸಾವಿರ ಸುಳ್ಳ ಹೇಳಿ ಒಂದ ಲಗ್ನಾ ಮಾಡ್ತಾರಂತ, ನೀವು ಒಂದ ಸುಳ್ಳ ಹೇಳಿ ಒಂದ ಲಗ್ನಾ ಮುರೀರಿ.

ನಮ್ಮ ಬಾಯಾರು ಗಾಡಿ ಮಾರಾಕ ನಿಂತಾರ್ರಿ. ಅವರ ಯಜಮಾನ್ರು, ವಕೀಲ ಬಾಳಕೃಷ್ಣರಾಯರು, ತೀರಿಕೊಂಡು ಇನ್ನಾ ವರ್ಷ ತುಂಬಿಲ್ಲ... ಐತವಾರ ಹುಬ್ಬಳ್ಳಿ ಗಿರಾಕಿ ಬ್ಯಾಡಗಿಗೆ ಬರ್ತಾನ. ಇಂಥಾ ಹಳೇ ಅಮೇರಿಕಾ ಗಾಡಿ ಅಂದ್ರ ಅವಂಗ ಹುಚ್ಚಂತ. "ಪರಮೇಶಪ್ಪ, ಗೇರಿನ ಡಬ್ಬಿ ಸೋರ್ತದ ಅಂತೀಯಲ್ಲ, ರಾಣೆಬೆನ್ನೂರ ಗ್ಯಾರೇಜಿನಾಗ ತೋರಿಸಿಕೊಂಡ ಬಾ. ಖರ್ಚು ಭಾಳ ಬಂತಂದ್ರ ಗಿರಾಕಿಗೆ ಬ್ಯಾಡ ಅಂತೀನಿ" ಅಂದ್ರು ಬಾಯಾರು. ಅಷ್ಟ ಅಂದ್ರ ಸಾಕ್ರಿ ನನಗ. ಅಂವಾ ಹೊಳ್ಳಿ ಹೋದ ಮ್ಯಾಲ ಸೋರೂದನ್ನ ನಾನ ಬಂದ್ ಮಾಡತೇನಿ.

ಹೆಂಗ ಅಂದ್ರ? ಹೆಂಗರ ಮಾಡತೇನಿ ಬಿಡ್ರಿ!

ಬ್ಯಾರೆ ಗಾಡಿ ಹೊಡಿ ಅಂತೀರೇನು? ಇಲ್ಲಿ ನೋಡ್ರಿ, ಈ ಎಡಗಾಲ. ಮೆಣಸಿನಕಾಯಿ ಲಾರಿ ಹಿಂದಕ ಸರದು ಇದನ್ನ ಗ್ವಾಡಿಗೆ ಒತ್ತಿ ಹದಿನೆಂಟು ವರ್ಷ ಆತು. ಮಡಚಾಕ ಬರೂದಿಲ್ಲ, ಒತ್ತಾಕ ಬರೂದಿಲ್ಲ. ಊರ ಮಂದಿ ಕುಂಟ ಪರಮ್ಯಾ ಅನ್ನಾಕ ಸುರು ಮಾಡಿದ್ರು. ಆವಾಗ ರಾಯರು ಕರದು ಈ ಗಾಡಿ ಕೀಲಿಕೈ ಕೊಟ್ರು. "ಇದಕ್ಕ ಕ್ಲಚ್ಚಿಲ್ಲೋ, ಗೇರು ತಾನ ಬೀಳ್ತಾವ. ಬಲಗಾಲು ಇದ್ರ ಸಾಕು." ಅವತ್ತಿನಿಂದ ಡ್ರೈವರ್ ಪರಮೇಶಪ್ಪ ಆದೆ. ಇದರಾಗ ಕುಂತ್ರ ಡ್ರೈವರ್ರಿ. ಇಳದ್ನಿ ಅಂದ್ರ ಮತ್ತ ಕುಂಟ ಪರಮ್ಯಾ... ಭಯ ಆಗತೈತ್ರಿ ನನಗ, ಖರೇನ.

ಸೋರೂದಾ? ಅದು ತನ್ನಷ್ಟಕ್ಕ ತಾನ ಸುರು ಆತು. ಹಳೇ ಗಾಡಿ, ಸೋರಲಾರದ ಏನ ಮಾಡೀತು? ಏನೋ ಒಂದೊಂದ ಹನಿ. ಇಲ್ರಿ, ಎಷ್ಟು ಸೋರೇತಿ ಅಂತ ಕಂಡಿಲ್ಲ. ಹೆಂಗ ಕಾಣಬೇಕು? ಶೆಡ್ಡಿನಾಗ ಅರ್ಧಾ ಮೆಣಸಿನಕಾಯಿ ಚೀಲ, ಅರ್ಧಾ ಗಾಡಿ. ಬ್ಯಾಡಗಿ ಒಳಗ ಯಾ ನೆಲಾ ಕೆಂಪಿಲ್ಲ ಹೇಳ್ರಿ? ಈ ಡಬ್ಬಿ ಎಣ್ಣಿನೂ ಕೆಂಪ. ದಿನಾ ಮುಂಜೇಲೆ ನೋಡ್ತಿದ್ದೆ, ಮೆಣಸಿನಕಾಯಿ ಪುಡಿ ಅಂತ ಕಸಬರಗಿ ಹಾಕ್ತಿದ್ದೆ...

ಏನ್ರಿ ಅದು ಕೈಯಾಗ? ಬೋಲ್ಟು? ಹೂಂ, ಡಬ್ಬಿ ಕೆಳಗಿನವ. ಹೊಳೀತಾವಾ? ಬೋಲ್ಟ್ ಬಿಚ್ಚೂ ಪಾನಾ ತಿಕ್ಕಿದ ಗುರ್ತೇನು? ಇರಬೇಕು, ಯಾವಾಗರ ಯಾರರ...



ನನ್ನ ಕೈ ಯಾಕ ನೋಡ್ತೀರಿ ಯೂಸುಫಸಾಬ್ರ? ಬೈಯರ ಬೈರಿ!

ಹೌದ್ರಿ. ನಾನ. ಎರಡ ಬೋಲ್ಟು ಸಡ್ಲ ಮಾಡಿದ್ದೆ, ಎರಡಽ. ಬಾಯಾರ ಎದುರಿಗೆ ನಾಕ ಹನಿ ಬಿದ್ರ ಸಾಕಿತ್ತು. ಹಂಗ ಹದಿನೈದು ದಿನಾ ಬಿಟ್ಟೆ. ಗಿರಾಕಿ ಹೋದ ಮ್ಯಾಲ ಬಿಗಿ ಮಾಡಿದ್ರ ಮುಗೀತು ಅನಕೊಂಡೆ. ಬ್ಯಾರೆ ಗಾಡಿ ಗೇರಿನ ಡಬ್ಬಿ ಎಣ್ಣಿ ಕಡಿಮಿ ಆದ್ರೂ ನಾಕ ಹರದಾರಿ ಓಡತೈತಲ್ರಿ? ಇದೂ ಹಂಗ ಅಂತ... ಮೋಟೆಬೆನ್ನೂರ ದಾಟಿದ ಮ್ಯಾಲ ಸುಟ್ಟ ವಾಸನಿ ಬಂತು. ಎಕ್ಸಿಲೇಟರ್ ಒತ್ತಿದ್ರ ಇಂಜಿನ್ ಒದರತೈತಿ, ಗಾಡಿ ಸರೀವಲ್ತು! ಕಡೀಕ ಟ್ರ್ಯಾಕ್ಟರಿಗೆ ಹಗ್ಗಾ ಕಟ್ಟಿ ನಿಮ್ಮ ಬಾಗಲಕ್ಕ ತಂದೆ. ಎಣ್ಣಿ ಹಾಕಿದ್ರ ಸರಿ ಆಕ್ಕೈತಲ್ರಿ? ಆಗಬೇಕಲ್ಲ...

ಬರಿಯಾಕತ್ತೀರಿ? ಚೀಟಿ ಬರಿಯಾಕತ್ತೀರೇನು! ನಿಮಗ ಪುಣ್ಯಾ ಬರಲ್ರಿ. ಈ ಉಪಕಾರ ನಾ ಸಾಯೂತನಕಾ ಮರಿಯಂಗಿಲ್ಲ. ಕೊಡ್ರಿ ಇಲ್ಲೆ... 

ಇಪ್ಪತ್ತೆರಡು ಸಾವಿರ? "ಎಣ್ಣಿ ಇಲ್ಲದ ಡಬ್ಬಿ ಒಳಗ ಸುಟ್ಟೈತಿ, ಸಾಮಾನು ಮುಂಬಯಿಂದ ತರಸಬೇಕು, ಸಿಗೂದು ಗ್ಯಾರಂಟಿ ಇಲ್ಲ..."

ಅಯ್ಯ, ಇಷ್ಟ್ಯಾಕ ಬರದ್ರಿ? ನಾ ಹದಿನೈದು ಅಂದಿದ್ದೆ. ಸುಳ್ಳ ಅಂದ್ರೂ ಬಾಯಾರು ನಂಬೂ ಹಂಗ ಇರಬೇಕಲ್ರಿ? ಹೂಂ, ತಿದ್ರಿ. ಪೆನ್ನು ತಗೋರಿ...

ಯಾಕ, ತಿದ್ದೂದಿಲ್ಲೇನು?

ಸುಳ್ಳ ಚೀಟಿ ಹೌದಲ್ರಿ ಇದು? ಯೂಸುಫಸಾಬ್ರ... ಮಾರಿ ಆ ಕಡೆ ತಿರುವಬ್ಯಾಡ್ರಿ. ಸುಳ್ಳ ಅನ್ರಿ.