ತವರಿಗೆ ಹೊರಟ ಲಾರಿ

"ಎಲ್ಲಿಂದ ಸೋರಾಕತ್ತೈತಿ ಇದು?"

ಚಿಕ್ಕೋಡಿ ಬಸ್ ನಿಲ್ದಾಣದ ಎದುರು ಹಳೆಯ ಲಾರಿಯ ಬಾನೆಟ್ ಎತ್ತಿ ನಿಂತಿದ್ದ ಮುದುಕ ತನ್ನಷ್ಟಕ್ಕೆ ತಾನೇ ಕೇಳಿಕೊಂಡ. ಬಸ್ಸಿಗೆ ಕಾಯುತ್ತಿದ್ದ ನಾನು ತಿರುಗಿ ನೋಡಿದೆ. ಅವನ ಬಸುರಿ ಮಗಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಲಾರಿಯಿಂದ ಇಳಿದಳು.

"ಡೀಸೆಲ್ ವಾಸನಿಗೆ ಸದಲಗಾದಿಂದ ಮೂರ ಸಲ ವಾಂತಿ ಆತಪಾ."

"ಇಪ್ಪತ್ತ ವರ್ಷ ಇದರಾಗ ಕುಂತು ನನ್ನ ಮೂಗು ಸತ್ತೈತಿ, ಮಂಗಲಾ. ಪೈಪೆಲ್ಲಾ ಒರಸಿದೆ, ಎಲ್ಲೂ ಹಸಿ ಕಾಣವಲ್ದು."

"ಅತ್ತ ಸರಿ. ನಾ ಹುಡಕತೇನಿ."

"ಬ್ಯಾಡವ್ವ, ಮತ್ತ ಹೊಟ್ಟಿ ತೊಳಸತೈತಿ."

"ಬಸುರಿ ಮೂಗಪಾ ಇದು. ಓಣ್ಯಾಗ ಯಾರು ಒಗ್ಗರಣಿ ಹಾಕಿದ್ರೂ ಗೊತ್ತಾಗತೈತಿ."

ಅವಳು ಪೈಪಿನ ಉದ್ದಕ್ಕೂ ಮೂಸುತ್ತ ಹೋಗಿ ಡೀಸೆಲ್ ಫಿಲ್ಟರಿನ ಬಳಿ ನಿಂತಳು.

"ಇಲ್ಲಿ."

ಅವನು ಬೋಲ್ಟ್ ಬಿಚ್ಚಿದ. ಒಳಗಿನ ತಾಮ್ರದ ವಾಷರ್ ಸೀಳಿಹೋಗಿತ್ತು. ಹೊಸದು ಹಾಕಿ ಬಿಗಿದು, ಇಂಜಿನ್ ಚಾಲೂ ಮಾಡಿ, ತಲೆಯ ಬಿಳಿ ಟೊಪ್ಪಿಗೆ ತೆಗೆದು ಅಲ್ಲಿ ಒತ್ತಿ ನೋಡಿದ. ಟೊಪ್ಪಿಗೆ ಒಣಗಿಯೇ ಇತ್ತು.

"ಹಳೀ ವಾಸನಿ ಇವತ್ತ ಹೋಗೂದಿಲ್ಲವ್ವ. ನೀ ಬಸ್ಸಿನ್ಯಾಗ ಬಾ. ಅಥಣಿ ಸ್ಟ್ಯಾಂಡಿನ್ಯಾಗ ನಾ ಕಾಯತೇನಿ."

ಅವಳು ಆಗಲೇ ಬಾಗಿಲು ಹಿಡಿದು ಮೆಲ್ಲನೆ ಹತ್ತುತ್ತಿದ್ದಳು.

"ಮದಿವ್ಯಾಗ ಇದರಾಗ ಕಳಿಸಿದಿ. ಬಾಣಂತನಕ್ಕ ಬ್ಯಾರೆ ಗಾಡ್ಯಾಗ ನಾ ಬರಾಂಗಿಲ್ಲ."